ಪ್ರಸ್ತದ ಮರುದಿನದ ದೋತರ

ಆ ಸೊಸೆಯನ್ನು ಅವಳ ಅತ್ತೆ ನನ್ನ ಹತ್ತಿರ ಕರೆದುಕೊಂಡು ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ, ನಾನು ಸ್ಟೋವಿನ ಮೇಲೆ ಕತ್ತರಿ ಕುದಿಯಲು ಇಟ್ಟಿದ್ದಾಗ. ನಲವತ್ತೆಂಟನೆಯ ಇಸವಿಯ ದೀಪಾವಳಿ ಮುಗಿದಿತ್ತು. ನಿಜಾಮನ ಆಡಳಿತ ಹೋಗಿ ಎರಡು ತಿಂಗಳಾಗಿತ್ತಷ್ಟೆ. ಗಲಭೆಗೆ ಹೆದರಿ ಗಡಿ ದಾಟಿ ಸೊಲ್ಲಾಪುರದ ಕಡೆಯ ಶಿಬಿರಗಳಲ್ಲಿ ಜೀವ ಹಿಡಿದುಕೊಂಡಿದ್ದ ಜನ ಒಬ್ಬೊಬ್ಬರಾಗಿ ಊರಿಗೆ ಮರಳಿ, ನಿಂತುಹೋಗಿದ್ದ ಮದುವೆಗಳನ್ನು ಅವಸರದಲ್ಲಿ ಮುಗಿಸುತ್ತಿದ್ದರು.

ನಾನು ಆಳಂದದಲ್ಲಿ ಒಂದು ಕೋಣೆ ಹಿಡಿದುಕೊಂಡು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಹಳ್ಳಿಗಳನ್ನು ಸುತ್ತಿ ಸೂಲಗಿತ್ತಿಯರಿಗೆ ಪಾಠ ಹೇಳುತ್ತಿದ್ದ ನರ್ಸು; ಜನ ಕರೆಯುತ್ತಿದ್ದದ್ದು ನರ್ಸಬಾಯಿ, ಬಾಯಾರು ಎಂದು. ಪಾಠ ದೊಡ್ಡದೇನಲ್ಲ. ಉಗುರು ಕತ್ತರಿಸಿಕೊಳ್ಳಿ, ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆಯಿರಿ, ಕತ್ತರಿಯನ್ನೂ ದಾರವನ್ನೂ ಚೆನ್ನಾಗಿ ಕುದಿಸಿ, ಹೊಕ್ಕುಳಿಗೆ ಬೂದಿ ಹಚ್ಚಬೇಡಿ. ಕುಡುಗೋಲಿನಿಂದ ಬಳ್ಳಿ ಕೊಯ್ದ ಕೂಸುಗಳು ವಾರದೊಳಗೆ ಸೆಟೆದು ಸಾಯುವುದನ್ನು ನೋಡಿ ನೋಡಿ ನನಗೆ ತಲೆ ಕೆಟ್ಟಿತ್ತು. ಅದಕ್ಕೇ ನನ್ನ ಮಾತು ಸ್ವಲ್ಪ ಜೋರು. ನಿಮಗೆ ಗೊತ್ತಿಲ್ಲ, ನನಗೆ ಗೊತ್ತು ಎಂಬ ಧಾಟಿ. ಎರಡು ವರ್ಷ ಆ ಧಾಟಿಯಲ್ಲಿ ಮಾತಾಡಿದ ಮೇಲೆ, ‘ನನಗೆ ಗೊತ್ತಿಲ್ಲ’ ಎನ್ನುವ ಮಾತು ಬಾಯಿಗೆ ಬರುವುದನ್ನೇ ಬಿಟ್ಟಿತ್ತು.

ಅತ್ತೆ ಐವತ್ತೈದರ ಆಸುಪಾಸಿನ ವಿಧವೆ, ಮಟಕಿಯ ಆಚೆಯ ಒಂದು ಹಳ್ಳಿಯಲ್ಲಿ ಒಕ್ಕಲುತನದ ಮನೆ ನಡೆಸುತ್ತಿದ್ದವಳು. ಸೊಸೆಗೆ ಇಪ್ಪತ್ತೆರಡು. ಹಿರೋಳ್ಳಿ ಕಡೆಯವಳು, ತಾಯಿ ಇಲ್ಲದೆ ಇಬ್ಬರು ತಂಗಿಯರನ್ನು ಬೆಳೆಸುವುದರಲ್ಲಿ ಮದುವೆ ತಡವಾಗಿತ್ತು.

“ಬಾಯಾರ, ಈಕೀನ ಜರಾ ತಪಾಸ ಮಾಡ್ರಿ,” ಎಂದಳು ಅತ್ತೆ.

“ಏನಾಗ್ಯಾದ?”

“ಆಗಿದ್ದೇನಿಲ್ರಿ. ಆಗಬೇಕಾಗಿದ್ದು ಆಗಿಲ್ಲ.”

ಆ ಕಡೆಯ ಎಲ್ಲರಲ್ಲೂ ಇರಲಿಲ್ಲ, ಕೆಲವು ಮನೆತನಗಳಲ್ಲಿ ಒಂದು ಪದ್ಧತಿಯಿತ್ತು. ಪ್ರಸ್ತ, ಅಂದರೆ ಗಂಡಹೆಂಡಿರ ಮೊದಲ ರಾತ್ರಿಯ ಶಾಸ್ತ್ರಕ್ಕೆ, ಹಾಸಿಗೆಯ ಮೇಲೆ ಬಿಳಿ ದೋತರ ಹಾಸುವುದು. ಬೆಳಿಗ್ಗೆ ಅತ್ತೆ ಅದನ್ನು ಮಡಚಿ ತಂದು ಮನೆತನದ ಹಿರಿಯ ಹೆಂಗಸರಿಗೆ ತೋರಿಸುವುದು. ರಕ್ತದ ಕಲೆ ಕಂಡರೆ ಸಕ್ಕರೆ ಹಂಚಿ, ದೋತರ ಒಗೆಯಲು ಬಂದ ಅಗಸರ ಹೆಂಗಸಿಗೆ ಕುಬಸದ ಖಣ ಕೊಡುತ್ತಿದ್ದರು. ಈ ಹುಡುಗಿಯ ದೋತರ ಬೆಳ್ಳಗೇ ಬಂದಿತ್ತು. ಅವಳು ಆರು ತಿಂಗಳು ಶಿಬಿರದಲ್ಲಿದ್ದವಳು ಎಂಬುದು ಎಲ್ಲರಿಗೂ ಗೊತ್ತಿತ್ತು, ಮೂರೇ ದಿನದಲ್ಲಿ ಎರಡನ್ನೂ ಸೇರಿಸಿ ಹೊಲಿದರು. ಹುಣ್ಣಿಮೆಯ ಮರುದಿನ ಹಿರಿಯರು ಕೂಡುವವರಿದ್ದರು. ಅವತ್ತು ತಂದೆ ಬಂದು ಮಗಳನ್ನು ವಾಪಸು ಒಯ್ಯಬೇಕು. ಹಾಗೆ ಹೋದರೆ ಅವಳ ಬಾಳು ಅಲ್ಲಿಗೇ ಮುಗಿಯಿತು, ಹಿಂದಿರುವ ಇಬ್ಬರು ತಂಗಿಯರನ್ನೂ ಯಾರೂ ಕೇಳುವುದಿಲ್ಲ.

ನಾನು ಆ ಹುಡುಗಿಯನ್ನು ಏನೂ ಕೇಳಲಿಲ್ಲ. ಪರದೆ ಎಳೆದೆ, ಹೆರಿಗೆಗೆ ಬಂದವಳನ್ನು ನೋಡುವ ಹಾಗೆ ನೋಡಿದೆ. ಹೈದರಾಬಾದಿನಲ್ಲಿ ಕಲಿಯುವಾಗ ನಮ್ಮ ಮೇಡಂ ಒಂದೇ ಒಂದು ಸಾಲು ಹೇಳಿದ್ದರು: ಪುರುಷನನ್ನು ಕಾಣದವಳಲ್ಲಿ ಒಂದು ತೆಳುವಾದ ಪೊರೆ ಇರುತ್ತದೆ, ಕಂಡವಳಲ್ಲಿ ಇರುವುದಿಲ್ಲ. ಉರ್ದುವಿನಲ್ಲಿ ಬರೆದುಕೊಂಡಿದ್ದೆ. ಇವಳಲ್ಲಿ ನನಗೆ ಅಂಥದ್ದೇನೂ ಕಾಣಲಿಲ್ಲ. ಪ್ರಸ್ತವೇ ಆಗಿ ಹೋದ ಮೇಲೆ ಹುಡುಕುವುದರಲ್ಲಿ ಅರ್ಥವೇನಿದೆ ಎಂದು ಕೂಡ ಹೊಳೆಯಲಿಲ್ಲ ನೋಡಿ.

ಕಾಗದ ಬರೆದುಕೊಡಿ ಎಂದಳು ಅತ್ತೆ. ಬರೆಯುವ ಅಧಿಕಾರ ನನಗಿಲ್ಲ ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗಿತ್ತು. ಆದರೆ ಆಕೆ ನನ್ನ ಮುಖ ನೋಡುತ್ತ ನಿಂತಿದ್ದಳು, ಬಾಯಾರಿಗೆ ತಿಳಿಯದ್ದು ಯಾವುದಿದೆ ಎನ್ನುವ ನಂಬಿಕೆಯಲ್ಲಿ. ನಾನು ಅಂದೆ: “ಹಳೇದಿರಬೇಕು ಅಂತ ಕಾಣ್ತದ.”

ಅತ್ತೆ ತಲೆಯಾಡಿಸಿ ಹೊರಗೆ ಹೋದಳು. ಹುಡುಗಿ ಸೀರೆ ಸರಿಮಾಡಿಕೊಳ್ಳುತ್ತಿದ್ದಳು. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ.

“ಬಾಯಾರ, ಒಂದು ಮಾತು ಕೇಳ್ತೇನಿ. ಇಂಥಾದ್ದು ಹೆಂಗಿರತದ ಅಂತ ಹೇಳಾಕ ಎಷ್ಟು ಮಂದಿ ಮದುವಿ ಆಗಲಾರದವರನ್ನ ನೋಡೀರಿ ನೀವು?”

ನಾನು ಸ್ಟೋವಿನ ಕಡೆಗೆ ತಿರುಗಿದೆ. ಅತ್ತೆ ಹೊರಗಿನಿಂದ ಕರೆದಳು, ಅವಳು ಹೋದಳು. ಕತ್ತರಿಯ ಪಾತ್ರೆಯಲ್ಲಿ ನೀರು ಬತ್ತಿಹೋಗಿತ್ತು.

ಉತ್ತರ ಸುಲಭವಾಗಿತ್ತು: ಒಬ್ಬರನ್ನೂ ಇಲ್ಲ. ನನ್ನ ಹತ್ತಿರ ಬರುತ್ತಿದ್ದವರೆಲ್ಲ ಬಸುರಿಯರು, ಬಾಣಂತಿಯರು. ಒಂದೇ ಒಂದು ಸಾಲಿನ ಮೇಲೆ ನಾನು ಒಂದು ಹೆಣ್ಣಿನ ಬಾಳನ್ನು ಎತ್ತಿ ಆಚೆ ಇಟ್ಟಿದ್ದೆ. ಇದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಇಡೀ ದಿನ ಹಿಡಿಯಿತು, ಸಂಕಟವಾಯಿತು, ನಾಚಿಕೆಯೂ ಆಯಿತು. ಆದರೆ ಸುಳ್ಳೇಕೆ ಹೇಳಲಿ, ನಾಚಿಕೆಗಿಂತ ಮೊದಲು ಎದ್ದದ್ದು ಕುತೂಹಲ. ಹಾಗಾದರೆ ನಿಜವಾಗಿ ಹೇಗಿರುತ್ತದೆ? ಯಾರಿಗೆ ಗೊತ್ತಿದೆ?

ಹುಣ್ಣಿಮೆಗೆ ಹನ್ನೊಂದು ದಿನವಿತ್ತು. ನನ್ನ ತಿರುಗಾಟ ಹೇಗೂ ಗೊತ್ತಾಗಿತ್ತು: ಗುರುವಾರ ಕಡಗಂಚಿ, ಆಮೇಲೆ ಅಫಜಲಪುರ, ಅಲ್ಲಿಂದ ಭೀಮೆ ದಾಟಿ ಜೇವರ್ಗಿ. ಹೋದಲ್ಲೆಲ್ಲ ಕೇಳಿಬಿಡೋಣ ಅಂದುಕೊಂಡೆ.

ಕಡಗಂಚಿಯಲ್ಲಿ ಆರು ಜನ ಸೂಲಗಿತ್ತಿಯರು ಬಂದಿದ್ದರು. ಕುದಿಸುವ ಪಾಠ ಮುಗಿಸಿ, ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ವಿಷಯ ತೆಗೆದೆ. ಮೊದಲು ಸೆರಗು ಬಾಯಿಗೆ ಹಿಡಿದು ನಕ್ಕರು. ಒಬ್ಬಾಕೆ, “ಬಾಯಾರಿಗೆ ಇವತ್ತು ಏನೋ ಬ್ಯಾರೇನ ಆಗ್ಯಾದ,” ಅಂದಳು. ಒಟ್ಟಿಗೆ ಕೇಳಿದ್ದೇ ತಪ್ಪು ಎಂದು ತಿಳಿಯಿತು. ಒಬ್ಬೊಬ್ಬರನ್ನೇ ಒಳಗೆ ಕರೆದು, ಹೆಸರಿಡುವುದಿಲ್ಲ, ಬರೆಯುವುದೂ ಇಲ್ಲ ಎಂದು ಆಣೆ ಮಾಡಿ, ಅವರವರದೇ ಮೊದಲ ರಾತ್ರಿಯ ಮಾತು ಕೇಳಿದೆ.

ಆ ಮಧ್ಯಾಹ್ನ ಕೇಳಿದ್ದನ್ನು ನಾನು ಎಂದೂ ಮರೆತಿಲ್ಲ. ಒಬ್ಬಾಕೆಗೆ ರಕ್ತ ಹೋಗಿತ್ತು, ನೋವೂ ಆಗಿತ್ತು, ಗಂಡ ಹೆದರಿ ಹೊರಗೆ ಓಡಿಹೋಗಿದ್ದ. ಇನ್ನೊಬ್ಬಾಕೆಗೆ ಒಂದು ಹನಿಯೂ ಇಲ್ಲ, ನೋವೂ ಇಲ್ಲ. “ನಾವು ಮೊದಲ ಒಂದ ಓಣಿಯವರು, ಕೂಡಿ ಆಡಿ ಬೆಳದವರು. ಹೆದರಿಕಿನ ಇರಲಿಲ್ಲ ನೋಡ್ರಿ, ನೋವು ಎಲ್ಲಿಂದ ಬರಬೇಕು?” ಎಂದಳು. ಮೂರನೆಯಾಕೆ, “ನಮ್ಮ ಮನ್ಯಾಗ ದೋತರ ಹಾಸತಿದ್ರು. ನಮ್ಮ ಅಕ್ಕ ಎಲಿ ಅಡಿಕಿ ಜಗಿದು ಒಂದೀಟು ಉಗುಳಿದಳು,” ಎಂದು ಹೇಳಿ ಎದ್ದು ಹೋದಳು.

ಅವರಲ್ಲಿ ಹಿರಿಯಾಕೆ ಕೊನೆಗೆ ಬಂದಳು. ತನ್ನದೇನೂ ಹೇಳಲಿಲ್ಲ, ನನ್ನನ್ನೇ ಕೇಳಿದಳು. “ಇದೆಲ್ಲಾ ಯಾಕ ಬೇಕಾಗ್ಯಾದ್ರಿ ನಿಮಗ?” ನಾನು ನಡೆದದ್ದನ್ನು ಹೇಳಿದೆ.

“ಅಗಸರನ್ನ ಕೇಳ್ರಿ,” ಎಂದಳು. “ದೋತರ ತೋರಸೋವ್ರು ಮ್ಯಾಲಿನ ಬಣ್ಣ ಅಷ್ಟ ನೋಡತಾರ. ಒಗಿಯೋವ್ರಿಗೆ ಗೊತ್ತಿರತದ.”

ಅಫಜಲಪುರದಲ್ಲಿ ನನ್ನ ಬಟ್ಟೆ ಒಗೆಯುತ್ತಿದ್ದ ಮನೆಯಲ್ಲೇ ಒಬ್ಬ ಮುದುಕಿ ಇದ್ದಳು. ಎಲ್ಲರೂ ಆಯಿ ಎನ್ನುತ್ತಿದ್ದರು. ಕಣ್ಣು ಮಂಜಾಗಿತ್ತು, ಕೈ ಮಾತ್ರ ಚುರುಕು. ಭೀಮೆಯ ದಂಡೆಯಲ್ಲಿ ಬಟ್ಟೆಗೆ ಹಾಕುವ ಸವಳು ಮಣ್ಣು ಕಲಸುತ್ತಿದ್ದವಳ ಪಕ್ಕದಲ್ಲಿ ಕೂತು, ನಾನೂ ಎರಡು ಬಟ್ಟೆ ಹಿಂಡಿ, ಆಮೇಲೆ ಕೇಳಿದೆ. ಅವಳು ತಲೆ ಎತ್ತಲಿಲ್ಲ.

“ಯಾರ ಮನೀದು ಅಂತ ಕೇಳಬ್ಯಾಡ್ರಿ.”

“ಕೇಳಂಗಿಲ್ಲ ಆಯಿ. ಬರೇ ಹೆಂಗ ಗೊತ್ತಾಗತದ ಅನ್ನೋದು ಹೇಳು.”

“ರಕ್ತ ಇದ್ರ ತಣ್ಣೀರಿಗೆ ಬಿಡತದ. ಬಿಸಿ ನೀರು ಹಾಕಿದ್ರ ಗಟ್ಟಿ ಹಿಡಕೋತದ. ಅದಕ್ಕ ನಾವು ಮೊದಲ ತಣ್ಣೀರಾಗ ಹಾಕೋದು. ಎಲಿ ಅಡಿಕಿದಾದ್ರ ಕಂದು ಆಗಿ ಹಂಗ ಉಳಿತದ. ಅರಿಶಿಣ ಸುಣ್ಣದ್ದಾದ್ರ ಕೆಂಪನ ಇರತದ. ಅದಕ್ಕ ಜರಾ ಹುಣಸಿ ನೀರು ಬಿಟ್ಟು ನೋಡ್ರಿ, ಹಳದಿ ಆಗತದ.”

“ಹುಣಸೀ ನೀರು ನೀ ಯಾಕ ಬಿಡತಿದ್ದಿ?”

ಮುದುಕಿ ಮೊದಲ ಸಲ ನಕ್ಕಳು. “ನಿಮಗ ಈಗ ಯಾಕ ಬೇಕಾಗ್ಯಾದ? ಹಂಗ ನನಗೂ ಬೇಕಾಗಿತ್ತು.”

ಎಷ್ಟು ದೋತರ ಹಳದಿಯಾದವು ಎಂದು ಕೇಳಿದೆ. ಎಣಿಸಿಲ್ಲ ಅಂದಳು. ಕೈಯಲ್ಲಿದ್ದ ಬಟ್ಟೆ ಹಿಂಡಿ ತಾನೇ ಸೇರಿಸಿದಳು: “ಭಾಳ ಆದ್ವು ಬಾಯಿ. ಒಳ್ಳೊಳ್ಳೆ ಮನೀವು. ಆ ಹೆಣ್ಮಕ್ಕಳೇನು ಕೆಟ್ಟವರಿರಲಿಲ್ಲ, ನನ್ನ ಕಣ್ಣ ಮುಂದ ಬೆಳದವರು. ನಾ ಖಣ ತಗೊಂಡು ಬಾಯಿ ಮುಚಗೊಂಡೆ.”

ನನಗೆ ಯಾವುದನ್ನೂ ಕೈಯಾರೆ ಮಾಡಿ ನೋಡದೆ ನಂಬಿಕೆ ಬರುವುದಿಲ್ಲ. ಬಿಡಾರಕ್ಕೆ ಬಂದು ಬ್ಯಾಂಡೇಜಿನ ಬಟ್ಟೆಯ ಮೂರು ತುಂಡು ಕತ್ತರಿಸಿದೆ. ಒಂದಕ್ಕೆ ಬೆರಳಿಗೆ ಸೂಜಿ ಚುಚ್ಚಿಕೊಂಡು ನನ್ನದೇ ರಕ್ತ, ಒಂದಕ್ಕೆ ಎಲೆ ಅಡಿಕೆಯ ರಸ, ಒಂದಕ್ಕೆ ಅರಿಶಿಣ ಸುಣ್ಣ. ಒಣಗಿದ ಮೇಲೆ ನೋಡಿದರೆ ನನಗೇ ಗುರುತು ಹತ್ತಲಿಲ್ಲ. ಹುಣಸೆ ನೀರು ಬಿಟ್ಟ ಕೂಡಲೇ ಮೂರನೆಯದು ಹಳದಿಯಾಯಿತು. ಮೂರು ತುಂಡುಗಳನ್ನೂ ಎದುರಿಗಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಊರೂರೇ ಸೇರಿ ಒಂದು ಬಟ್ಟೆಯನ್ನು ಸಾಕ್ಷಿ ಹೇಳಲು ಕರೆಯುತ್ತಿತ್ತು, ಒಳಗಿನ ಹೆಂಗಸರು ಆ ಸಾಕ್ಷಿಗೆ ಬಾಯಿಪಾಠ ಮಾಡಿಸಿ ಕಳಿಸುತ್ತಿದ್ದರು. ತಾಯಿ, ಅಕ್ಕ, ಅತ್ತಿಗೆ ಯಾರೂ ಜತೆಗಿಲ್ಲದ ಹುಡುಗಿ ಮಾತ್ರ ಸಿಕ್ಕಿಬೀಳುತ್ತಿದ್ದಳು.

ಹರಗೋಲಿನಲ್ಲಿ ಭೀಮೆ ದಾಟಿ ಜೇವರ್ಗಿ ಕಡೆಗೆ ಹೋದೆ. ಅಲ್ಲಿ ನನ್ನ ವಿದ್ಯೆಗೂ ಪೆಟ್ಟು ಬಿತ್ತು. ಒಬ್ಬ ಸೂಲಗಿತ್ತಿ ತಾನು ಮಾಡಿಸಿದ ಒಂದು ಚೊಚ್ಚಲ ಹೆರಿಗೆಯ ಮಾತು ಹೇಳುತ್ತ, “ಆ ಪೊರಿ ಇನ್ನೂ ಹಂಗ ಇತ್ತು ನೋಡ್ರಿ, ಕೂಸು ಬರೋ ಹೊತ್ತಿಗೆ ಸರೀತು,” ಎಂದಳು, ಅದೇನೂ ದೊಡ್ಡ ಸಂಗತಿಯಲ್ಲ ಎನ್ನುವ ಹಾಗೆ. ಆ ಸೊಸೆ ನನ್ನನ್ನು ಎಷ್ಟು ಮಂದಿಯನ್ನು ನೋಡಿದ್ದೀರಿ ಎಂದು ಕೇಳಿದ್ದಳಲ್ಲ, ನಾನು ಹಿಂದೆ ತಿರುಗಿ ನೋಡಿದೆ. ನೋವು ತಿನ್ನುತ್ತ ನನ್ನ ಕೈಗೆ ಬಂದವರಲ್ಲೂ ಅಂಥವರಿದ್ದರು. ನಾನೇ ಕಣ್ಣಾರೆ ಕಂಡಿದ್ದೆ. ಒಬ್ಬೊಬ್ಬರಲ್ಲಿ ಒಂದೊಂದು ಥರ, ಕೆಲವರಲ್ಲಿ ಇದ್ದೂ ಇಲ್ಲದ ಹಾಗೆ. ಬಸುರಿಯಲ್ಲೂ ಇರಬಹುದಾದದ್ದು, ಕನ್ನೆಯಲ್ಲೂ ಇಲ್ಲದಿರಬಹುದಾದದ್ದು ಯಾವುದರ ಗುರುತು? ನೋಡಿದ್ದು ಒಂದು, ಕಲಿತದ್ದು ಇನ್ನೊಂದು. ಎರಡೂ ಒಂದೇ ತಲೆಯಲ್ಲಿ ವರ್ಷಗಟ್ಟಲೆ ಪರಿಚಯವಿಲ್ಲದೆ ಇದ್ದವು.

ಹುಣ್ಣಿಮೆಗೆ ಎರಡು ದಿನವಿರುವಾಗ ಮತ್ತೆ ಕಡಗಂಚಿಗೆ ಬಂದೆ. ಹಿರಿಯ ಸೂಲಗಿತ್ತಿಯ ಎದುರು ನನ್ನ ಮೂರು ತುಂಡು ಬಟ್ಟೆ ಹಾಸಿದೆ. ಇವನ್ನು ಹಿರಿಯರ ಮುಂದೆ ಇಡುತ್ತೇನೆ, ಹುಣಸೆ ನೀರು ಬಿಟ್ಟು ತೋರಿಸುತ್ತೇನೆ ಎಂದೆ. ನನಗೆ ಉತ್ಸಾಹ ಉಕ್ಕಿ ಬಂದಿತ್ತು.

ಆಕೆ ಬಟ್ಟೆಗಳನ್ನು ನೋಡಿ, ಮಡಚಿ, ನನ್ನ ಚೀಲದೊಳಗೇ ತುರುಕಿದಳು.

“ಬಾಯಾರ, ಇದನ್ನ ಅಲ್ಲಿ ತೋರಿಸಿದ್ರ ಈಕಿ ಒಬ್ಬಾಕಿ ಉಳೀಬಹುದು. ನಾಳಿಂದ ಊರಾಗ ಒಬ್ಬೊಬ್ಬ ಗಂಡಸ್ಗೂ ತನ್ನ ಹೆಂಡತಿ ದೋತರದ ಮ್ಯಾಲ ಸಂಶಯ ಹುಟ್ಟತದ. ಅಗಸರನ್ನ ಹಿಡಿದು ಕೇಳತಾರ. ಇನ್ನ ಮುಂದ ಬರೋ ಸೊಸೆಂದ್ರ ದೋತರಕ್ಕ ಹುಣಸೀ ನೀರು ಬಿಟ್ಟ ನೋಡತಾರ. ಅರಿಶಿಣ ಸುಣ್ಣ ಹಚ್ಚಿ ಎಷ್ಟು ಮಂದೀನ ಉಳಿಸೀವಿ, ಆ ಬಾಗಲಾನೂ ನೀವ ಹಾಕಿದಂಗ ಆಗತದ.”

ಅವಳು ಹೇಳಿದ್ದು ನಿಜವಾಗಿತ್ತು. ವಾರವಿಡೀ ತಿರುಗಿ ಸಂಪಾದಿಸಿದ್ದೆಲ್ಲ ಬಳಸಬಾರದ್ದು. ಉಳಿದದ್ದು ಒಂದೇ, ನನ್ನ ಸ್ವಂತ ತಪ್ಪು. ಅದನ್ನು ಹೇಳಿದರೆ ಬೇರೆ ಯಾರ ಮಾನಕ್ಕೂ ಧಕ್ಕೆಯಿರಲಿಲ್ಲ, ನನ್ನದಕ್ಕೆ ಮಾತ್ರ. ಆದರೆ ನನ್ನ ಕೆಲಸ ನಿಂತದ್ದೇ ನನ್ನ ಮಾತಿನ ಮೇಲೆ. ಬಾಯಾರೇ ತಪ್ಪು ಹೇಳಿದ್ದರಂತೆ ಎಂದು ಸುದ್ದಿಯಾದರೆ ಕತ್ತರಿ ಕುದಿಸುವವರು ಯಾರು? ಮತ್ತೆ ಕುಡುಗೋಲು, ಮತ್ತೆ ಬೂದಿ.

“ನೀವೆಲ್ಲಾ ಆಮ್ಯಾಲೆ ನನ್ನ ಮಾತು ಕೇಳ್ತೀರೇನು?” ಎಂದು ಕೇಳಿದೆ.

“ಗೊತ್ತಿಲ್ಲ,” ಎಂದಳು ಆಕೆ, ಎಷ್ಟು ಸರಾಗವಾಗಿ. ಆ ಮಾತನ್ನು ಆಡುವುದು ಇಷ್ಟು ಸುಲಭವೇ ಎನ್ನಿಸಿತು. ಅಲ್ಲಿಯೇ ತೀರ್ಮಾನ ಮಾಡಿದೆ.

ಹುಣ್ಣಿಮೆಯ ಮರುದಿನ ಮುಂಜಾನೆ ಚಕ್ಕಡಿ ಹಿಡಿದು ಆ ಹಳ್ಳಿಗೆ ಹೋದೆ. ದಾರಿಯುದ್ದಕ್ಕೂ ತೊಗರಿ ಹೂವಾಗಿತ್ತು. ಹುಡುಗಿಯನ್ನು ದನದ ಕೊಟ್ಟಿಗೆಯ ಪಕ್ಕದ ಇಳಿಮಾಡಿನಲ್ಲಿ ಇಟ್ಟಿದ್ದರು. ಹೊರಗೆ ಕಟ್ಟೆಯ ಮೇಲೆ ಅವಳ ತಂದೆ ತಲೆ ಬಗ್ಗಿಸಿಕೊಂಡು ಕೂತಿದ್ದ. ನಾನು ಮೊದಲು ಅವಳ ಹತ್ತಿರ ಹೋದೆ.

“ತಂಗಿ, ನೀ ಅವತ್ತು ಕೇಳಿದ್ದಿ. ಒಬ್ಬರನ್ನೂ ನೋಡಿರಲಿಲ್ಲ. ಗೊತ್ತಿಲ್ಲದ ಹೇಳಿದೆ. ನಿನ್ನ ಕೇಳದ ನಿನ್ನ ಮೈ ಮುಟ್ಟಿದೆ, ಅದೂ ತಪ್ಪು.”

ಅವಳು ನನ್ನನ್ನು ದಿಟ್ಟಿಸಿದಳು. ಹನ್ನೆರಡು ದಿನದಲ್ಲಿ ಇಳಿದುಹೋಗಿದ್ದಳು.

“ನನ್ನ ಮುಂದ ಹೇಳಿದ್ರ ಏನಾತ್ರಿ? ಅವರ ಮುಂದ ಹೇಳ್ರಿ.”

“ಅದಕ್ಕ ಬಂದೇನಿ.”

ಅವಳೇ ಮತ್ತೆ ಅಂದಳು: “ನೀವೂ ಕೇಳವಲ್ರಿ. ಶಿಬಿರದಾಗ ಏನಾಗಿತ್ತು ಅಂತ.”

ಹತ್ತು ದಿನದಿಂದ ಕಂಡಕಂಡವರನ್ನೆಲ್ಲ ಕೇಳುತ್ತ ಬಂದವಳು ನಾನು. ಆ ಒಂದು ಪ್ರಶ್ನೆ ಮಾತ್ರ ಬೇಡವೆನಿಸಿತು. ಏನೂ ಆಗದಿದ್ದರೂ ಅವಳದು, ಏನೋ ಆಗಿದ್ದರೂ, ಅವಳ ಮನಸ್ಸಿನಿಂದಾಗಿರಲಿ ಬಲವಂತದಿಂದಾಗಿರಲಿ, ಅವಳದೇ. ಅದರಿಂದ ಅವಳ ಬೆಲೆ ಹೆಚ್ಚುಕಡಿಮೆಯಾಗುವುದಿಲ್ಲ ಎಂದು ನನಗೆ ಅಷ್ಟರಲ್ಲಿ ತಿಳಿದಿತ್ತು.

“ಕೇಳಂಗಿಲ್ಲ,” ಎಂದೆ. ಆಗ ಅವಳಿಗೆ ಕಣ್ಣೀರು ಬಂತು.

ಪಡಸಾಲೆಯಲ್ಲಿ ಐದು ಜನ ಹಿರಿಯರು ಕೂತಿದ್ದರು. ಅತ್ತೆ ಬಾಗಿಲ ಹಿಂದೆ, ಅವಳ ಮಗ ಗೋಡೆಗೆ ಆತುಕೊಂಡು. ನಾನು ನಿಂತೇ ಹೇಳಿದೆ.

“ಆವತ್ತು ನಾ ಹೇಳಿದ ಮಾತು ತಪ್ಪು. ನನಗ ಗೊತ್ತಿರಲಿಲ್ಲ. ಈಗ ಗೊತ್ತಾಗ್ಯಾದ ಏನಂದ್ರ, ಮೈ ನೋಡಿ ಅದನ್ನ ಹೇಳಾಕ ಆಗಂಗಿಲ್ಲ. ನನ್ನಿಂದಲೂ ಆಗಂಗಿಲ್ಲ, ದೊಡ್ಡ ಡಾಕ್ಟರಿಂದಲೂ ಆಗಂಗಿಲ್ಲ. ಮೊದಲ ಸಲ ರಕ್ತ ಕೆಲವರಿಗೆ ಹೋಗತದ, ಎಷ್ಟೋ ಮಂದಿಗೆ ಹೋಗೋದಿಲ್ಲ. ದೋತರ ಬೆಳ್ಳಗ ಇತ್ತಂದ್ರ ಬೆಳ್ಳಗ ಇತ್ತು, ಅಷ್ಟ.”

“ಹಂಗಾರ ತಿಳಕೊಳ್ಳೋದು ಹ್ಯಾಂಗ್ರಿ ಬಾಯಾರ?” ಎಂದರು ಒಬ್ಬರು, ನಿಜವಾಗಿಯೂ ತಿಳಿಯಬೇಕೆನ್ನುವ ಧ್ವನಿಯಲ್ಲಿ.

“ಹುಡುಗಂದು ಹ್ಯಾಂಗ ತಿಳಕೊಂಡ್ರಿ ನೀವು?”

ಇಬ್ಬರು ನಕ್ಕರು. ಗಂಡಸರದು ಏನು ನೋಡುವುದು ಎಂದರು ಇನ್ನೊಬ್ಬರು. ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ನಗು ತಾನಾಗಿಯೇ ನಿಂತಿತು. ಗೋಡೆಗೆ ಆತುಕೊಂಡಿದ್ದ ಮಗ, “ನಾ ಆಕೀನ ಕಳಸ್ರಿ ಅಂತ ಎಂದೂ ಅಂದಿಲ್ಲ,” ಎಂದ, ನೆಲ ನೋಡುತ್ತ. ಕಳಿಸಬೇಡಿ ಎಂದೂ ಅಂದಿರಲಿಲ್ಲವಲ್ಲ ಎಂದು ನನಗೆ ಅವನ ಮೇಲೆ ಸಿಟ್ಟೇ ಬಂತು.

ಹಿರಿಯರು ಆಚೀಚೆ ಮುಖ ನೋಡಿಕೊಂಡರು. ಆಧಾರವೇ ಬಿದ್ದುಹೋದ ಮೇಲೆ ತೀರ್ಪು ಹೇಳುವುದು ಯಾರಿಗೂ ಬೇಕಿರಲಿಲ್ಲ. ಇದು ಹೆಂಗಸರ ಮಾತು, ಮನೆಯಾಕೆ ಏನನ್ನುತ್ತಾಳೋ ಹಾಗೆ ಆಗಲಿ ಎಂದು ಎದ್ದುಬಿಟ್ಟರು. ಅತ್ತೆ ಬಾಗಿಲ ಹಿಂದಿನಿಂದ ಸರಿದು ಒಳಗೆ ಹೋದಳು.

ನಾನು ಒಳಗೆ ಹೋದೆ. ಆಕೆ ಬೀಸುವ ಕಲ್ಲಿನ ಕೋಣೆಯಲ್ಲಿ ಗೂಟ ಹಿಡಿದುಕೊಂಡು ಕೂತಿದ್ದಳು. ಕಲ್ಲಿನಲ್ಲಿ ಕಾಳು ಇರಲಿಲ್ಲ. ನನ್ನನ್ನು ಬೈಯುತ್ತಾಳೆ ಎಂದುಕೊಂಡು ನಿಂತೆ. ಆಕೆ ಬಾಗಿಲು ಹಾಕು ಎಂದು ಸನ್ನೆ ಮಾಡಿದಳು.

“ಅಲ್ಲಿ ಹೇಳಿದ್ದು ಖರೇ ಏನ್ರಿ? ಎಷ್ಟೋ ಮಂದಿಗೆ ಹೋಗೋದಿಲ್ಲ ಅಂದ್ರಲ್ಲ?”

“ಖರೇ ಅವ್ವಾ.”

“ಏನೂ ಮಾಡಲಾರದವರಿಗೂ?”

“ಏನೂ ಮಾಡಲಾರದವರಿಗೂ.”

ಆಕೆ ಖಾಲಿ ಕಲ್ಲನ್ನು ಒಂದು ಸುತ್ತು ತಿರುಗಿಸಿದಳು. “ನಮ್ಮ ಸೋದರತ್ತಿ ಅರಿಶಿಣ ಸುಣ್ಣ ಹಚ್ಚಿದಳು. ಸಕ್ಕರಿ ಹಂಚಿದ್ರು. ನನಗ ನನ್ನ ಮೈಯಾಗ ಏನೋ ಐಬು ಅದ ಅಂತ ಹೆದರಿಕಿ. ಯಾರನ್ನೂ ಕಣ್ಣೆತ್ತಿ ನೋಡಿದಾಕಿ ಅಲ್ಲ ನಾನು. ಅಷ್ಟು ವರ್ಷ ಅವರ ಮುಂದ ಕಳ್ಳಿ ಆಗಿ ಬಾಳ್ವೆ ಮಾಡಿದೆ. ಅವರು ಹೋಗೋ ಹೊತ್ತಿಗೆ ಹೇಳಿಬಿಡಬೇಕಂದೆ, ಬಾಯಿ ಬರಲಿಲ್ಲ.” ಆಮೇಲೆ ಮುಖ ಎತ್ತಿದಳು. “ಹಂಗಾರ ನಂದು ಏನೂ ತಪ್ಪು ಇರಲಿಲ್ಲೇನ್ರಿ ಬಾಯಾರ?”

“ಇರಲಿಲ್ಲ ಅವ್ವಾ. ಏನೂ ಇರಲಿಲ್ಲ.”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಹಿತ್ತಲ ಬಾಗಿಲು ತೆಗೆದು ಕೊಟ್ಟಿಗೆಯ ಕಡೆಗೆ ಹೋದಳು. ನಾನು ಹಿಂದೆ ಹೋಗಲಿಲ್ಲ, ಧ್ವನಿ ಮಾತ್ರ ಕೇಳಿಸಿತು.

“ಏಳವ್ವ, ಒಳಗ ನಡಿ. ನಿನ್ನ ಮುಂದ ಒಂದು ಮಾತು ಹೇಳೋದದ.”